ಪದಚರ್ಚೆ: ಗಗನನೌಕೆಯ ‘ನ್ಯಾವಿಗೇಶನ್’ಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಧಾರವಾಡದ ಪಿಯುಸಿ ಮಕ್ಕಳಿಗಾಗಿ ಯಾವ ಕೆಲಸಕ್ಕೆ ಏನು ಓದಬೇಕು ಅಂತ ಒಂದು ಸಣ್ಣ ಪುಸ್ತಿಕೆ ಮಾಡುತ್ತಿದ್ದೇವೆ. ಗಗನನೌಕೆಯ ನ್ಯಾವಿಗೇಶನ್ ಎಂಜಿನಿಯರ್ ಪುಟದಲ್ಲಿ ತಲೆಬರಹವೇ ಕೂರುತ್ತಿಲ್ಲ.

ಕರಡಿನಲ್ಲಿ ‘ನೌಕಾಯಾನ ಎಂಜಿನಿಯರ್’ ಎಂದಿತ್ತು. ಓದಿದ ಹುಡುಗನೊಬ್ಬ ‘ಇದಕ್ಕ ಕಾರವಾರಕ್ಕ ಹೋಗಬೇಕೇನ್ರಿ ಸರ್?’ ಎಂದ. ಇಂಗ್ಲಿಷ್ ಪದವೂ ಹಡಗಿನಿಂದಲೇ ಬಂದದ್ದು, ಒಪ್ಪಿದೆ. ಆದರೆ ನಮ್ಮ ಕಿವಿಗೆ ನೌಕಾಯಾನ ಅಂದರೆ ಸಮುದ್ರವೇ. ‘ಚಾಲನೆ’ ಇನ್ನೂ ಕೆಟ್ಟದು, ಇವರು ಏನನ್ನೂ ಓಡಿಸುವುದಿಲ್ಲ.

ಈ ಕ್ಷೇತ್ರದವರು ಮೂರು ಕೆಲಸಗಳನ್ನು ಬೇರೆ ಬೇರೆ ಎಂದು ಗುರುತಿಸುತ್ತಾರೆ. ನೌಕೆ ಈಗ ಎಲ್ಲಿದೆ, ಎಷ್ಟು ವೇಗದಲ್ಲಿ ಎತ್ತ ಹೊರಟಿದೆ ಅನ್ನುವುದು ನ್ಯಾವಿಗೇಶನ್. ಅಲ್ಲಿಂದ ಗುರಿಗೆ ಯಾವ ದಾರಿ ಅನ್ನುವುದು ಗೈಡನ್ಸ್. ಅದರಂತೆ ತಿರುಗಿಸುವುದು ಕಂಟ್ರೋಲ್. ಹಾಗಾಗಿ ‘ಪಥನಿರ್ದೇಶನ’ ಗೈಡನ್ಸಿಗೆ ಸರಿ, ನ್ಯಾವಿಗೇಶನ್‌ಗಲ್ಲ. ಬೆಳಗಾವಿಯಿಂದ ಬಸ್ಸಿನಲ್ಲಿ ಬರುವವರಿಗೆ ಫೋನ್ ಹಚ್ಚಿ ‘ಎಲ್ಲಿಗೆ ಬಂದ್ರಿ?’ ಅಂತ ಕೇಳುತ್ತೇವಲ್ಲ, ನ್ಯಾವಿಗೇಶನ್ ಹೆಚ್ಚುಕಡಿಮೆ ಅದೇ ಕೆಲಸ. ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿರುವ ಇಸ್ರೋದ 32 ಮೀಟರ್ ಆಂಟೆನಾ ಸಂಕೇತ ಕಳಿಸುತ್ತದೆ, ನೌಕೆ ಅದನ್ನು ವಾಪಸ್ ಕಳಿಸುತ್ತದೆ, ಹೋಗಿಬರಲು ಹಿಡಿದ ಸಮಯದಿಂದ ದೂರ ಸಿಗುತ್ತದೆ, ಡಾಪ್ಲರ್ ಬದಲಾವಣೆಯಿಂದ (ನೌಕೆಯ ಚಲನೆಯಿಂದ ಸಂಕೇತದ ಆವರ್ತನದಲ್ಲಿ ಆಗುವ ಏರಿಳಿತ) ಅದು ನಮ್ಮತ್ತ ಬರುವ ಅಥವಾ ದೂರ ಸರಿಯುವ ವೇಗ ಸಿಗುತ್ತದೆ, ಇಂಥ ಅಳತೆಗಳ ರಾಶಿ ಹಾಕಿಕೊಂಡು ಕಕ್ಷೆ ಲೆಕ್ಕ ಹಾಕುತ್ತಾರೆ. 1999ರಲ್ಲಿ ಅಮೆರಿಕದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಕಳೆದುಹೋದದ್ದು ಈ ಲೆಕ್ಕದಲ್ಲೇ. ನೌಕೆಯ ಸಣ್ಣ ಎಂಜಿನ್‌ಗಳು ಎಷ್ಟು ತಳ್ಳಿದವು ಅನ್ನುವ, ಪೌಂಡ್-ಸೆಕೆಂಡಿನಲ್ಲಿದ್ದ ಅಂಕಿಗಳನ್ನು ನ್ಯೂಟನ್-ಸೆಕೆಂಡ್ ಎಂದು ಹಿಡಿದರು, ನೌಕೆ ಮಂಗಳದ ತೀರಾ ಹತ್ತಿರ ಹೋಗಿ ವಾತಾವರಣಕ್ಕೆ ನುಗ್ಗಿಬಿಟ್ಟಿತು.

ಪತ್ರಿಕೆಗಳ ‘ದಿಕ್ಸೂಚಿ ಉಪಗ್ರಹ’ ಬೇರೆ ವಿಷಯ. ಜಿಪಿಎಸ್ ಥರದ ನಮ್ಮ ನಾವಿಕ್ ಉಪಗ್ರಹಗಳು ನೆಲದ ಮೇಲಿನ ನಾವೆಲ್ಲಿದ್ದೇವೆ ಎಂದು ತಿಳಿಸುತ್ತವೆ. ಇಲ್ಲಿ ನೆಲದವರು ನೌಕೆ ಎಲ್ಲಿದೆ ಎಂದು ಹುಡುಕಬೇಕು.

ಇನ್ನೊಂದು, ‘ಆರ್ಬಿಟ್ ಡಿಟರ್ಮಿನೇಶನ್’, ಅಂದರೆ ಅಳತೆಗಳಿಂದ ಕಕ್ಷೆ ಕಂಡುಹಿಡಿಯುವ ಮೇಲಿನ ಲೆಕ್ಕ. ‘ಕಕ್ಷೆ ನಿರ್ಧಾರ’ ಅಂದರೆ ಯಾರೋ ಮೀಟಿಂಗ್ ಮಾಡಿ ತೀರ್ಮಾನಿಸಿದ ಹಾಗೆ ಕೇಳುತ್ತದೆ. ‘ರೋಗನಿರ್ಣಯ’ ಬಳಕೆಯಲ್ಲಿದೆ, ಆದ್ದರಿಂದ ‘ಕಕ್ಷೆ ನಿರ್ಣಯ’ ನಡೆಯುತ್ತೆ ಅಲ್ವಾ?

ಓದಿನ ಭಾಗಕ್ಕೆ ತೊಂದರೆಯಿಲ್ಲ. ಪಿಯುಸಿಯಲ್ಲಿ ಗಣಿತ, ಭೌತಶಾಸ್ತ್ರ. ಬಿಇ ಏರೋಸ್ಪೇಸೇ ಆಗಬೇಕೆಂದಿಲ್ಲ, ಇಸ್ರೋ ಮೆಕ್ಯಾನಿಕಲ್, ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಸೈನ್ಸ್ ಓದಿದವರನ್ನೂ ತೆಗೆದುಕೊಳ್ಳುತ್ತದೆ, ಅಂದರೆ ಹುಬ್ಬಳ್ಳಿಯಲ್ಲೇ ಓದಿದರೂ ಆಯಿತು. ತಿರುವನಂತಪುರದಲ್ಲಿರುವ ಬಾಹ್ಯಾಕಾಶ ಓದಿನ ಸಂಸ್ಥೆ ಐಐಎಸ್‌ಟಿಗೆ ಸೇರಲು ಜೆಇಇ ಅಡ್ವಾನ್ಸ್ಡ್ ಬೇಕು. ಮುಂದೆ ಕಕ್ಷೆಗಳ ಗಣಿತ, ಸಂಭವನೀಯತೆ, ಕಾಲ್ಮನ್ ಫಿಲ್ಟರ್ (ತಪ್ಪು ಬೆರೆತ ಅಳತೆಗಳಿಂದ ಒಳ್ಳೆಯ ಅಂದಾಜು ತೆಗೆಯುವ ವಿಧಾನ), ಪ್ರೋಗ್ರಾಮಿಂಗ್. ಕೆಲಸ ನೌಕೆಗಳ ಜಾಡು ಹಿಡಿಯುವ ಇಸ್ರೋ ಕೇಂದ್ರವಾದ ಬೆಂಗಳೂರಿನ ಇಸ್ಟ್ರಾಕ್‌ನಂಥ ಕಡೆ.

ನನ್ನ ಸಲಹೆ ‘ನೆಲೆಯರಿಕೆ’. ಸ್ವಲ್ಪ ಕೃತಕ, ಗೊತ್ತು. ಅದಕ್ಕಿಂತ ದೊಡ್ಡ ಚಿಂತೆ ಕ್ರಿಯಾಪದದ್ದು. ‘ನೌಕೆಯ ನೆಲೆ ಹಿಡಿದರು’ ಅಂತ ಬರೆದರೆ ನಿಮಗೆ ‘ಎಲ್ಲಿದೆ ಎಂದು ಪತ್ತೆ ಮಾಡಿದರು’ ಅಂತ ಅರ್ಥವಾಗುತ್ತದೆಯೋ, ಇಲ್ಲಾ ನೌಕೆ ಎಲ್ಲೋ ನೆಲೆಸಿತು ಅಂತಲೋ? ನಿಮ್ಮ ಊರಿನ ಬಳಕೆ ತಿಳಿಸಿ.