ಪ್ಲೆಡ್ಜ್‌ಗೆ ಎದ್ದು ನಿಲ್ಲಲಿಲ್ಲ ಅಂತ ಮಗಳಿಗೆ ಡಿಟೆನ್ಷನ್, ಇದು ಫೆಡರಲ್ ಕೋರ್ಟ್‌ಗೆ ಹೋಗೋ ವಿಷ್ಯನಾ?

ಎಡಿಸನ್_ನಿವಾಸಿ

ಎಲ್ಲರಿಗೂ ನಮಸ್ಕಾರ. ನಾವಿರೋದು ನ್ಯೂ ಜೆರ್ಸಿಲಿ, ಮಗಳು ಪಬ್ಲಿಕ್ ಹೈಸ್ಕೂಲಲ್ಲಿ ಹತ್ತನೇ ಗ್ರೇಡು. ಬೆಳಿಗ್ಗೆ ಎಲ್ಲರೂ ಪ್ಲೆಡ್ಜ್, ಅಂದ್ರೆ ಬಾವುಟಕ್ಕೆ ನಿಷ್ಠೆಯ ಪ್ರತಿಜ್ಞೆ, ಹೇಳೋವಾಗ ಇವಳು ಸುಮ್ನೆ ಕೂತಿದ್ದಾಳೆ. ಗಲಾಟೆ ಮಾಡಿಲ್ಲ, ಯಾರಿಗೂ ಏನೂ ಅಂದಿಲ್ಲ, ಇಮಿಗ್ರೇಶನ್‌ನವರು ಜನರನ್ನ ಹಿಡ್ಕೊಂಡು ಹೋಗೋದು ನೋಡಿ ಅವಳಿಗೆ ಮನಸ್ಸಿಗೆ ತುಂಬಾ ಹಚ್ಕೊಂಡಿದೆ, ಅದಕ್ಕೆ. ಟೀಚರ್ "ನೀನು ಹೇಳ್ದೇ ಇದ್ರೂ ಪರವಾಗಿಲ್ಲ, ಎದ್ದಾದ್ರೂ ನಿಲ್ಲು" ಅಂದ್ರಂತೆ, ಇವಳು ಏಳಲಿಲ್ಲ, ಆಫೀಸ್‌ಗೆ ಕಳ್ಸಿ ಡಿಟೆನ್ಷನ್ (ತರಗತಿ ಹೊತ್ತು ಬಿಟ್ಟು ಸ್ಕೂಲಲ್ಲೇ ಕೂರಿಸೋ ಶಿಕ್ಷೆ) ಕೊಟ್ಟಿದ್ದಾರೆ.

ನಾನು ಎಚ್-1ಬಿ (ಕೆಲಸದ ವೀಸಾ), ಅವಳು ಎಚ್-4 (ಅವಲಂಬಿತರ ವೀಸಾ). ಸಿಟಿಜನ್ ಅಲ್ಲದವರಿಗೂ ಈ ಹಕ್ಕು ಇರತ್ತಾ? ಊರಲ್ಲಾಗಿದ್ರೆ ಹೈಕೋರ್ಟಲ್ಲಿ ರಿಟ್ ಹಾಕ್ತಾರೆ ಅಂತ ಗೊತ್ತು, ಇಲ್ಲಿ ಎಲ್ಲಿಂದ ಶುರು ಮಾಡೋದು, ಸ್ಟೇಟ್ ಕೋರ್ಟಾ ಫೆಡರಲ್ಲಾ? ಮನೆಯವಳು "ವೀಸಾ ಮೇಲಿದೀವಿ, ಸುಮ್ನಿರಿ" ಅಂತಿದ್ದಾಳೆ. ಮಗಳ ಮುಖ ನೋಡಿದ್ರೆ ಸುಮ್ನಿರೋಕೂ ಆಗ್ತಿಲ್ಲ.

ಟ್ರೆಂಟನ್_ರಾಯರು

ಸರ್, ನಿಮ್ಮ ಮಗಳ ಪ್ರಶ್ನೆಗೆ ನಿಮ್ಮ ರಾಜ್ಯದಲ್ಲೇ, ಹೆಚ್ಚುಕಡಿಮೆ ಅವಳಷ್ಟೇ ವಯಸ್ಸಿನ ಹೈಸ್ಕೂಲ್ ಹುಡುಗಿಯ ಕೇಸಲ್ಲೇ ಉತ್ತರ ಸಿಕ್ಕಾಗಿದೆ. ಲಿಪ್ ವರ್ಸಸ್ ಮಾರಿಸ್, 1978. ಆಗ ನ್ಯೂ ಜೆರ್ಸಿ ಕಾನೂನಲ್ಲಿ ಪ್ಲೆಡ್ಜ್ ಹೇಳದವರೂ ಎದ್ದು ನಿಲ್ಲಲೇಬೇಕು ಅಂತ ಇತ್ತು, ಅಂದ್ರೆ ನಿಮ್ಮ ಟೀಚರ್ ಹೇಳಿದ್ದೇ ಮಾತು. ಥರ್ಡ್ ಸರ್ಕ್ಯೂಟ್ (ಸರ್ಕ್ಯೂಟ್ ಅಂದ್ರೆ ಕೆಲವು ರಾಜ್ಯ ಸೇರಿದ ವಲಯ) ಅಪೀಲ್ ಕೋರ್ಟ್ ಅದು ಸಂವಿಧಾನಕ್ಕೆ ವಿರುದ್ಧ ಅಂತು, ಯಾಕಂದ್ರೆ ಒಪ್ಪದೇ ಇರೋದಕ್ಕೆ ಬಲವಂತವಾಗಿ ನಿಲ್ಲಿಸೋದೂ ಬಾಯಲ್ಲಿ ಹೇಳಿಸಿದ ಹಾಗೇನೇ. ಅದಕ್ಕೆ ಬುನಾದಿ 1943ರ ಸುಪ್ರೀಂ ಕೋರ್ಟ್ ತೀರ್ಪು, ವೆಸ್ಟ್ ವರ್ಜೀನಿಯಾ ವರ್ಸಸ್ ಬಾರ್ನೆಟ್. ಯೆಹೋವನ ಸಾಕ್ಷಿಗಳು ಅನ್ನೋ ಕ್ರೈಸ್ತ ಪಂಥದ ಮಕ್ಕಳು ಬಾವುಟಕ್ಕೆ ಸೆಲ್ಯೂಟ್ ಮಾಡಲ್ಲ ಅಂದಿದ್ರು. ಮೂರೇ ವರ್ಷ ಹಿಂದೆ, 1940ರಲ್ಲಿ, ಅದೇ ಸುಪ್ರೀಂ ಕೋರ್ಟ್ 8-1ರಲ್ಲಿ ಮಕ್ಕಳ ವಿರುದ್ಧ ತೀರ್ಪು ಕೊಟ್ಟಿತ್ತು, ಬಾರ್ನೆಟ್‌ನಲ್ಲಿ 6-3ರಿಂದ ಅದನ್ನ ತಾನೇ ತಿರುಗಿಸ್ತು. ಅದೂ ಎರಡನೇ ಮಹಾಯುದ್ಧ ನಡೀತಿದ್ದಾಗ, ದೇಶಭಕ್ತಿ ಬಗ್ಗೆ ಯಾರೂ ಎದುರು ಮಾತಾಡೋಕೆ ಆಗದಿದ್ದ ಕಾಲದಲ್ಲಿ, ಅದಕ್ಕೇ ನನಗೆ ಆ ತೀರ್ಪಿನ ಮೇಲೆ ಅಷ್ಟು ಗೌರವ.

ಈಗ ಕೋರ್ಟ್ ವಿಷ್ಯ. ಇಲ್ಲಿ ನೇರವಾಗಿ ಮೇಲೆ ಹೋಗೋ ದಾರಿ ಇಲ್ಲ. ಬುಡದಲ್ಲಿ ಫೆಡರಲ್ ಡಿಸ್ಟ್ರಿಕ್ಟ್ ಕೋರ್ಟ್‌ಗಳು, ದೇಶಕ್ಕೆಲ್ಲ 94, ನಿಮಗೆ ನೆವಾರ್ಕ್, ಟ್ರೆಂಟನ್ ಅಥವಾ ಕ್ಯಾಮ್ಡೆನ್‌ನಲ್ಲಿ ಕೂರತ್ತೆ. ಅದರ ಮೇಲೆ ಅಪೀಲ್ ಕೋರ್ಟು, ನಿಮ್ಮದು ಫಿಲಡೆಲ್ಫಿಯಾದಲ್ಲಿ. ಅದರ ಮೇಲೆ ಸುಪ್ರೀಂ ಕೋರ್ಟು, ಆದ್ರೆ ಅಲ್ಲಿ ಒಂಬತ್ತು ಜನರಲ್ಲಿ ನಾಲ್ಕು ಜಡ್ಜ್ ಒಪ್ಪಿದ್ರೆ ಮಾತ್ರ ಕೇಸ್ ತಗೋತಾರೆ, ಬರೋ ಸಾವಿರಾರು ಅರ್ಜಿಲಿ ಬಹಳ ಕಮ್ಮಿ ಒಳಗೆ ಹೋಗತ್ತೆ. ಹಾಗಾಗಿ ಸಾಮಾನ್ಯ ಮನುಷ್ಯನಿಗೆ ಸರ್ಕ್ಯೂಟ್ ಹೇಳಿದ್ದೇ ಕೊನೆ ಮಾತು, ಮತ್ತೆ ಅದು ಆ ಸರ್ಕ್ಯೂಟಿಗೆ ಮಾತ್ರ. ಲಿಪ್ ತೀರ್ಪು ನ್ಯೂ ಜೆರ್ಸಿ, ಪೆನ್ಸಿಲ್ವೇನಿಯಾ, ಡೆಲಾವೇರ್‌ಗೆ ಕಟ್ಟುಪಾಡು. ಫ್ಲೋರಿಡಾಲಿ ಪ್ಲೆಡ್ಜ್ ಹೇಳದೇ ಇರೋಕೆ ಅಪ್ಪ ಅಮ್ಮ ಬರೆದುಕೊಡಬೇಕು ಅನ್ನೋ ನಿಯಮವನ್ನ ಇಲೆವೆಂತ್ ಸರ್ಕ್ಯೂಟ್ 2008ರಲ್ಲಿ ಎತ್ತಿ ಹಿಡೀತು, ಆದ್ರೆ ನಿಲ್ಲಲೇಬೇಕು ಅನ್ನೋದನ್ನ ಅಲ್ಲೂ ಒಪ್ಪಲಿಲ್ಲ.

ಇನ್ನೊಂದು, ಇದೆಲ್ಲಾ ಪಬ್ಲಿಕ್ ಸ್ಕೂಲ್ ಆಗಿರೋದಕ್ಕೆ. ಪ್ರೈವೇಟ್ ಸ್ಕೂಲಾಗಿದ್ರೆ ಸಂವಿಧಾನದ ಫಸ್ಟ್ ಅಮೆಂಡ್ಮೆಂಟ್ (ವಾಕ್ ಸ್ವಾತಂತ್ರ್ಯದ ತಿದ್ದುಪಡಿ) ಲೆಕ್ಕಕ್ಕೇ ಬರಲ್ಲ, ಅದು ಸರ್ಕಾರದ ಕೈ ಕಟ್ಟೋದಷ್ಟೇ.

ಶರಾವತಿ_ತೀರ

ಸಿಟಿಜನ್ ವಿಷ್ಯಕ್ಕೆ ನಾನು ಹೇಳ್ತೀನಿ. ಹದಿನಾಲ್ಕನೇ ಅಮೆಂಡ್ಮೆಂಟ್ 1868ರದ್ದು, ಅದರಲ್ಲಿ ಕಾನೂನಿನ ಸಮಾನ ರಕ್ಷಣೆ "ಯಾವುದೇ ವ್ಯಕ್ತಿ"ಗೆ ಅಂತಿದೆ, ನಾಗರಿಕರಿಗೆ ಮಾತ್ರ ಅಂತಿಲ್ಲ. 1886ರಲ್ಲೇ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬಟ್ಟೆ ಒಗೆಯೋ ಅಂಗಡಿ ಇಟ್ಟಿದ್ದ ಚೀನಾದವರು ಯಿಕ್ ವೋ ಕೇಸಲ್ಲಿ ಗೆದ್ದಿದ್ದು ಇದರ ಮೇಲೇನೇ. ಸರ್ಕಾರಿ ಸಿಬ್ಬಂದಿ ಹಕ್ಕು ಮುರಿದಾಗ ಕೇಸ್ ಹಾಕೋಕೆ ಬಳಸೋ ಸೆಕ್ಷನ್ 1983 (ಇದು ವರ್ಷ ಅಲ್ಲ, ಕಲಂ ಸಂಖ್ಯೆ) ಕೂಡ, ಅದು 1871ರಲ್ಲಿ ಕು ಕ್ಲಕ್ಸ್ ಕ್ಲಾನ್ ಅನ್ನೋ ಬಿಳಿಯರ ಹಿಂಸಾಗುಂಪಿನ ಹಾವಳಿ ತಡೆಯೋಕೆ ಬಂದ ಕಾನೂನು, ಸಿಟಿಜನ್ ಅಲ್ಲದವರಿಗೂ ಅನ್ವಯಿಸತ್ತೆ. ಅದನ್ನ ಸ್ಟೇಟ್ ಕೋರ್ಟಲ್ಲೂ ಹಾಕಬಹುದು, ಜನ ಹೆಚ್ಚಾಗಿ ಫೆಡರಲ್‌ಗೆ ಹೋಗ್ತಾರೆ, ಅಲ್ಲಿನ ಜಡ್ಜ್‌ಗಳು ಜೀವನಪೂರ್ತಿ ಇರ್ತಾರೆ, ಊರಿನ ಎಲೆಕ್ಷನ್‌ಗೆ ಹೆದರಬೇಕಾಗಿಲ್ಲ ಅಂತ.

ಆದ್ರೂ ನಿಮ್ಮ ಮನೆಯವರ ಭಯ ಸುಳ್ಳಲ್ಲ ಸರ್. 2025ರಲ್ಲಿ ಕ್ಯಾಂಪಸ್‌ಗಳಲ್ಲಿ ಮಾತಾಡಿದ್ದಕ್ಕೆ ವಿದೇಶಿ ವಿದ್ಯಾರ್ಥಿಗಳ ವೀಸಾ ರದ್ದಾಗಿದ್ದು, ಕೆಲವರನ್ನ ಹಿಡಿದು ಇಟ್ಟಿದ್ದು ಎಲ್ಲರೂ ನೋಡಿದ್ದೀವಿ. ಮತ್ತೆ ಇಮಿಗ್ರೇಶನ್ ಕೋರ್ಟ್ ಅಂತ ಕರೆಯೋದು ಈ ಫೆಡರಲ್ ಜಡ್ಜ್‌ಗಳ ಕೋರ್ಟೇ ಅಲ್ಲ, ಅದು ಜಸ್ಟಿಸ್ ಡಿಪಾರ್ಟ್‌ಮೆಂಟ್ ಕೆಳಗೆ ಇರೋದು, ಅಲ್ಲಿನ ಜಡ್ಜ್‌ಗಳು ಅದೇ ಇಲಾಖೆ ನೌಕರರು. ಹಕ್ಕು ಇದೆ ಅನ್ನೋದೂ, ಆ ಹಕ್ಕು ಚಲಾಯಿಸೋವಾಗ ನೆಮ್ಮದಿಯಾಗಿ ನಿದ್ದೆ ಬರತ್ತೆ ಅನ್ನೋದೂ ಬೇರೆ ಬೇರೆ. ದೊಡ್ಡದು ಮಾಡೋ ಮುಂಚೆ ಒಬ್ಬ ಇಮಿಗ್ರೇಶನ್ ಲಾಯರ್ ಹತ್ರ ಒಂದ್ಸಲ ಮಾತಾಡಿ.

ಹೊಳೆನರಸೀಪುರದವ

ಅಣ್ಣಾ, ಕೋರ್ಟ್ ಅಂದ ತಕ್ಷಣ ವರ್ಷಗಳ ಲೆಕ್ಕ ಹಾಕ್ಕೊಳ್ಳಿ. ವಿಯೆಟ್ನಾಂ ಯುದ್ಧ ಬೇಡ ಅಂತ ತೋಳಿಗೆ ಕಪ್ಪು ಪಟ್ಟಿ ಕಟ್ಟಿದ ಡಿ ಮೊಯ್ನ್ ಊರಿನ ಮಕ್ಕಳ ಕೇಸು, ಟಿಂಕರ್. ಪಟ್ಟಿ ಕಟ್ಟಿದ್ದು 1965ರ ಡಿಸೆಂಬರ್, ಡಿಸ್ಟ್ರಿಕ್ಟ್ ಕೋರ್ಟಲ್ಲಿ ಸೋತ್ರು, ಅಪೀಲ್ ಕೋರ್ಟಲ್ಲಿ ಜಡ್ಜ್‌ಗಳು ಸಮ ಸಮ ಭಾಗ ಆದ್ರು ಅಂತ ಸೋಲೇ ಉಳೀತು, ಸುಪ್ರೀಂ ಕೋರ್ಟಲ್ಲಿ ಗೆದ್ದಿದ್ದು 1969ರ ಫೆಬ್ರವರಿ. ಅಷ್ಟೊತ್ತಿಗೆ 13 ವರ್ಷದ ಹುಡುಗಿ 16 ದಾಟಿದ್ಲು.

ಗೆದ್ರೂ ದುಡ್ಡು ಸಿಗದೇ ಇರಬಹುದು. 2009ರಲ್ಲಿ ಅರಿಜೋನಾದ ಸ್ಯಾಫರ್ಡ್‌ನ ಕೇಸಲ್ಲಿ 13 ವರ್ಷದ ಹುಡುಗಿಯ ಬಟ್ಟೆ ಬಿಚ್ಚಿಸಿ ನೋವಿನ ಮಾತ್ರೆ ಹುಡುಕಿದ್ದು ತಪ್ಪು ಅಂತ ಸುಪ್ರೀಂ ಕೋರ್ಟೇ ಹೇಳ್ತು, ಆದ್ರೆ ಆಗ ಕಾನೂನು ಸ್ಪಷ್ಟ ಇರಲಿಲ್ಲ ಅಂತ ಆ ಸಿಬ್ಬಂದಿನ ಬಿಟ್ಟುಬಿಡ್ತು. ಕ್ವಾಲಿಫೈಡ್ ಇಮ್ಯೂನಿಟಿ ಅಂತಾರೆ ಇದಕ್ಕೆ. ನನ್ನ ಪ್ರಕಾರ ಇಡೀ ವ್ಯವಸ್ಥೆಲಿ ದೊಡ್ಡ ಅನ್ಯಾಯ ಇದೇ.

ಟ್ರೆಂಟನ್_ರಾಯರು

ಅನ್ಯಾಯ ಅನ್ನೋದು ಒಪ್ತೀನಿ, ಆದ್ರೆ ಇವರ ಕೇಸಿಗೆ ಅದು ಅಷ್ಟು ಅಡ್ಡ ಬರಲ್ಲ. ಇಮ್ಯೂನಿಟಿ ನಷ್ಟಪರಿಹಾರ ಕೇಳಿದಾಗ ಮಾತ್ರ, "ಇನ್ಮುಂದೆ ಹೀಗೆ ಮಾಡಬೇಡಿ" ಅಂತ ಆದೇಶ ಕೇಳಿದ್ರೆ ಅದು ಲೆಕ್ಕಕ್ಕಿಲ್ಲ. ಮತ್ತೆ 1978ರಿಂದ ಇರೋ ತೀರ್ಪನ್ನ ಸ್ಪಷ್ಟ ಇರಲಿಲ್ಲ ಅನ್ನೋಕಾಗತ್ತಾ? ಗೆದ್ರೆ ವಕೀಲರ ಫೀಸನ್ನೂ ಎದುರು ಪಾರ್ಟಿ ಕೈಲಿ ಕೊಡಿಸೋ ಕಾನೂನಿದೆ, ಸ್ಕೂಲ್ ಡಿಸ್ಟ್ರಿಕ್ಟ್ ವಕೀಲರಿಗೆ ಅದು ಚೆನ್ನಾಗಿ ಗೊತ್ತು.

ಎಡಿಸನ್_ನಿವಾಸಿ

ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಹಾಗಾದ್ರೆ ನಾನೇ ಮಗಳ ಪರವಾಗಿ ಅರ್ಜಿ ಬರೆದು ಕೋರ್ಟ್‌ಗೆ ಹಾಕಬಹುದಾ? ಮತ್ತೆ ನಮ್ಮ ದೇಶದಲ್ಲಿ ಇಂಥದ್ದು ಆಗಿದೆಯಾ, ಅಪ್ಪ ಫೋನಲ್ಲಿ ಕೇಳಿದ್ರು.

ಶರಾವತಿ_ತೀರ

ಆಗಿದೆ ಸರ್. ಕೇರಳದಲ್ಲಿ 1985ರಲ್ಲಿ ರಾಷ್ಟ್ರಗೀತೆ ಹಾಡಲ್ಲ ಅಂತ ಮೂರು ಮಕ್ಕಳನ್ನ ಶಾಲೆಯಿಂದ ತೆಗೆದುಹಾಕಿದ್ರು, ಅವರೂ ಯೆಹೋವನ ಸಾಕ್ಷಿಗಳೇ. ಹೈಕೋರ್ಟಲ್ಲಿ ಸೋತ್ರು, 1986ರಲ್ಲಿ ಸುಪ್ರೀಂ ಕೋರ್ಟಲ್ಲಿ ಗೆದ್ರು, ಬಿಜೋ ಇಮ್ಯಾನುಯೆಲ್ ಕೇಸು. ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ ಆ ತೀರ್ಪಲ್ಲಿ ಅಮೆರಿಕದ ಬಾರ್ನೆಟ್ ತೀರ್ಪನ್ನೂ ಚರ್ಚೆ ಮಾಡಿದ್ದಾರೆ. ಒಂದು ವ್ಯತ್ಯಾಸ ಅಪ್ಪಾಜಿಗೆ ಹೇಳಿ, ಆ ಮಕ್ಕಳು ಗೌರವದಿಂದ ಎದ್ದು ನಿಂತಿದ್ರು, ಹಾಡಲಿಲ್ಲ ಅಷ್ಟೇ.

ಟ್ರೆಂಟನ್_ರಾಯರು

ನಿಮ್ಮ ಕೇಸನ್ನ ನೀವೇ ವಾದಿಸಬಹುದು, ಮಗಳದ್ದನ್ನ ಆಗಲ್ಲ. ಮೈನರ್ ಮಗು ಪರ ಅಪ್ಪ ಅಮ್ಮ ಕೇಸ್ ಹಾಕಬಹುದು, ಆದ್ರೆ ವಾದಕ್ಕೆ ವಕೀಲರು ಬೇಕು, ಥರ್ಡ್ ಸರ್ಕ್ಯೂಟ್ 1991ರಲ್ಲೇ ಹೇಳಿದೆ. ಅಲ್ಲಿವರೆಗೂ ಹೋಗೋದು ಬೇಡ ಸದ್ಯಕ್ಕೆ. ಪ್ರಿನ್ಸಿಪಾಲರಿಗೆ ಈಮೇಲ್ ಹಾಕಿ, ಸೂಪರಿಂಟೆಂಡೆಂಟ್‌ಗೆ ಸಿಸಿ. ಯಾವ ದಿನ, ಯಾರು, ಏನಂದ್ರು, ಡಿಟೆನ್ಷನ್ ಚೀಟಿ ಫೋಟೋ, ಕೊನೆಗೆ ಲಿಪ್ ವರ್ಸಸ್ ಮಾರಿಸ್ ಹೆಸರು, ರೆಕಾರ್ಡಿಂದ ಡಿಟೆನ್ಷನ್ ತೆಗೆಯಿರಿ ಅನ್ನೋ ಒಂದು ಸಾಲು. ಫೋನಲ್ಲಿ ಮಾತಾಡಬೇಡಿ, ಎಲ್ಲಾ ಬರವಣಿಗೆಲಿ ಇರಲಿ. ಉತ್ತರ ಬರಲಿಲ್ಲ ಅಂದ್ರೆ ಎಸಿಎಲ್‌ಯು ಅನ್ನೋ ನಾಗರಿಕ ಹಕ್ಕುಗಳ ಸಂಸ್ಥೆಯ ನ್ಯೂ ಜೆರ್ಸಿ ಶಾಖೆಗೆ ಅದೇ ಈಮೇಲ್ ಕಳ್ಸಿ, ಇಂಥ ಕೇಸ್ ಅವರಿಗೆ ಹೊಸದಲ್ಲ.