ಪೋಕೆಮಾನ್ ಕಾರ್ಡ್ ಆಟದ ನಿಜವಾದ ರೂಲ್ಸ್ ಈಗ ಗೊತ್ತಾಯಿತು, ಮುಂದೆ ಏನು ಆಡಲಿ?

ಅಟ್ಟದ_ಡಬ್ಬಿ:

ನಗಬೇಡಿ. ವಯಸ್ಸು ಮೂವತ್ತೊಂದು. ಒಂದು ತಿಂಗಳಿಂದ ಫೋನಲ್ಲಿ ಪೋಕೆಮಾನ್ ಟಿಸಿಜಿ (ಟ್ರೇಡಿಂಗ್ ಕಾರ್ಡ್ ಗೇಮ್) ಪಾಕೆಟ್ ಆಡುತ್ತಿದ್ದೇನೆ. ಮೊದಲ ದಿನವೇ ಒಂದು ವಿಷಯ ಗೊತ್ತಾಯಿತು. ಚಿಕ್ಕವರಿದ್ದಾಗ ನಾವು ಆಡಿದ್ದು ಈ ಆಟವೇ ಅಲ್ಲ.

ನಮ್ಮೂರು ಅರಸೀಕೆರೆ ಹತ್ತಿರ. ಸ್ಕೂಲ್ ಪಕ್ಕದ ಅಂಗಡಿಯಲ್ಲಿ ಕಾರ್ಡ್ ಪ್ಯಾಕೆಟ್ ಸಿಗುತ್ತಿತ್ತು. ಡಬ್ಲ್ಯುಡಬ್ಲ್ಯುಇ ಟ್ರಂಪ್ ಕಾರ್ಡ್ ಆಡಿ ಅಭ್ಯಾಸ ಇತ್ತಲ್ಲ, ಇದನ್ನೂ ಹಾಗೇ ಆಡಿದೆವು. ಇಬ್ಬರೂ ಒಂದೊಂದು ಕಾರ್ಡ್ ಇಡೋದು, ಯಾರದ್ದು ಎಚ್‌ಪಿ (ಕಾರ್ಡಿನ ಮೇಲಿರುವ ಜೀವದ ಅಂಕಿ) ಜಾಸ್ತಿಯೋ ಅವನು ಎರಡನ್ನೂ ಎತ್ತಿಕೊಳ್ಳೋದು. ಅಷ್ಟೇ. ಕೆಳಗಿದ್ದ ಸಣ್ಣ ಅಕ್ಷರದ ಇಂಗ್ಲಿಷನ್ನು ಯಾರೂ ಓದಲಿಲ್ಲ. 120 ಎಚ್‌ಪಿ ಚಾರಿಜಾರ್ಡ್ ಇದ್ದವನ ಹಿಂದೆ ಇಡೀ ಕ್ಲಾಸು ಸುತ್ತುತ್ತಿತ್ತು. ಎನರ್ಜಿ ಕಾರ್ಡಲ್ಲಿ ಎಚ್‌ಪಿನೇ ಇಲ್ಲ, ಹಾಗಾಗಿ ಅದು ಕಸ. ಬೆಂಕಿ ಗುರುತಿನ ಒಂದು ಎನರ್ಜಿ ಕಾರ್ಡನ್ನು ಮಡಚಿ, ಅಲ್ಲಾಡುತ್ತಿದ್ದ ಬೆಂಚಿನ ಕಾಲಿನ ಕೆಳಗೆ ಇಟ್ಟಿದ್ದು ಇನ್ನೂ ನೆನಪಿದೆ.

ಈಗ ನೋಡಿದರೆ ಎನರ್ಜಿ ಇಲ್ಲದೆ ಆ ಚಾರಿಜಾರ್ಡ್ ಒಂದು ಕಿಡಿಯನ್ನೂ ಉಗುಳಲ್ಲ! ಅವನನ್ನು ನೇರವಾಗಿ ಇಳಿಸುವ ಹಾಗೂ ಇಲ್ಲ. ಮೊದಲು ಚಾರ್ಮ್ಯಾಂಡರ್, ಅದರ ಮೇಲೆ ಚಾರ್ಮೀಲಿಯನ್, ಆಮೇಲೆ ಇವನು.

ಪಾಕೆಟ್ ಅನ್ನೋದು ಪೂರ್ತಿ ಆಟವಾ, ಇಲ್ಲ ಚಿಕ್ಕದು ಮಾಡಿದ್ದಾ? ಪೂರ್ತಿ ಕಲಿಯಲು ಟಿಸಿಜಿ ಲೈವ್ ಅನ್ನೋ ಇನ್ನೊಂದು ಆ್ಯಪ್ ಹಾಕಿಕೊಳ್ಳಲಾ? ಊರಲ್ಲಿ ಅಟ್ಟದ ಮೇಲೆ ಬಿಸ್ಕೆಟ್ ಡಬ್ಬಿ ತುಂಬ ಹಳೇ ಕಾರ್ಡ್ ಇವೆ, ಅವು ಉಪಯೋಗಕ್ಕೆ ಬರುತ್ತವಾ?

ಬೆಂಚ್‌ನಲ್ಲಿ_ಐದು_ಜನ:

ಚಿಕ್ಕದು ಮಾಡಿದ್ದೇ. ನಾವು ಗಲ್ಲಿಯಲ್ಲಿ ಆರು ಓವರ್ ಮ್ಯಾಚ್ ಆಡ್ತಿದ್ವಲ್ಲ, ಹಾಗೆ. ಪಾಕೆಟ್‌ನಲ್ಲಿ 20 ಕಾರ್ಡಿನ ಡೆಕ್, ಒಂದೇ ಹೆಸರಿನವು ಹೆಚ್ಚೆಂದರೆ ಎರಡು, ಬೆಂಚಲ್ಲಿ (ಪೋಕೆಮಾನ್‌ಗಳು ಕಾಯುತ್ತಾ ಕೂರುವ ಜಾಗ) ಮೂವರು, ಮೂರು ಪಾಯಿಂಟ್ ಬಂದರೆ ಗೆದ್ದಿರಿ. ಪೂರ್ತಿ ಆಟಕ್ಕೆ 60 ಕಾರ್ಡ್, ಒಂದೇ ಹೆಸರಿನವು ನಾಲ್ಕು, ಬೆಂಚಲ್ಲಿ ಐವರು. ಮೊದಲೇ ಆರು ಪ್ರೈಜ್ ಕಾರ್ಡ್ ಬೋರಲು ಇಟ್ಟಿರುತ್ತೀರಿ, ಎದುರಿನವನ ಪೋಕೆಮಾನ್ ಬಿದ್ದ ಹಾಗೆ ನಿಮ್ಮದೇ ಪ್ರೈಜ್ ಎತ್ತಿಕೊಳ್ಳಬೇಕು.

ದೊಡ್ಡ ವ್ಯತ್ಯಾಸ ನೀವು ಕಸ ಅಂದ ಎನರ್ಜಿಯಲ್ಲೇ ಇದೆ. ಪೂರ್ತಿ ಆಟದಲ್ಲಿ ಅದು ನಿಮ್ಮ ಡೆಕ್ಕಿನಿಂದಲೇ ಕೈಗೆ ಬರಬೇಕು, ಮಾಮೂಲಾಗಿ ಒಂದು ಸರದಿಗೆ ಒಂದೇ ಹಚ್ಚಬಹುದು, ಬರದೇ ಇದ್ದರೆ ಕೈ ಕಟ್ಟಿಕೊಂಡು ಎದುರಿನವನ ಆಟ ನೋಡುತ್ತಾ ಕೂರಬೇಕು. ಪಾಕೆಟ್‌ನಲ್ಲಿ ಆ ಕಾರ್ಡೇ ಇಲ್ಲ, ಸರದಿಗೊಂದು ಎನರ್ಜಿ ತಾನಾಗಿ ಬರುತ್ತೆ, ಮೊದಲು ಆಡುವವನ ಮೊದಲ ಸರದಿ ಒಂದು ಬಿಟ್ಟು. ಅಂದ್ರೆ ನಿಮ್ಮ ಕ್ಲಾಸಿನವರು ಬಿಸಾಕಿದ್ದನ್ನೇ ಪಾಕೆಟ್ ಮಾಡಿದವರೂ ಬಿಸಾಕಿದ್ದಾರೆ 😄

ಲೈವ್ ಫ್ರೀ, 2023ರ ಜೂನ್‌ನಿಂದ ಇದೆ, ಹಾಕಿಕೊಳ್ಳಿ. ಆದರೆ ಮೊದಲ ವಾರ ಒದೆ ತಿನ್ನಲು ರೆಡಿ ಇರಿ. ಒಬ್ಬೊಬ್ಬರ ಒಂದೊಂದು ಸರದಿ ಮುಗಿಯೋ ಹೊತ್ತಿಗೆ ಕಾಫಿ ಕುಡಿದು ಬರಬಹುದು. ಹಳೇ ಕಾರ್ಡನ್ನು ಆ್ಯಪ್‌ಗೆ ಹಾಕೋಕೆ ದಾರಿ ಇಲ್ಲ.

ಚಕ್ಕುಲಿಗೆ_ಪಿಕಾಚು:

ನಾನೂ ಇದೇ ಹುಚ್ಚಿಗೆ ಬಿದ್ದವನು, ಅದಕ್ಕೇ ಹೇಳ್ತೀನಿ, ಕಾಸು ಹುಷಾರು. ಪಾಕೆಟ್‌ನಲ್ಲಿ 12 ಗಂಟೆಗೊಂದು ಪ್ಯಾಕ್ ಫ್ರೀ, ಅದರಲ್ಲಿ 5 ಕಾರ್ಡ್, ಅಷ್ಟಕ್ಕೆ ನಿಲ್ಲಿಸಿ. ಬೆರಳಲ್ಲಿ ಪ್ಯಾಕ್ ಹರಿಯೋದು ಇದೆಯಲ್ಲ, ಆ ಸದ್ದೇ ಮನುಷ್ಯನ್ನ ಹಾಳು ಮಾಡೋದು. ರಾತ್ರಿ ಹನ್ನೊಂದಕ್ಕೆ ಕಾಯೋಕಾಗದೆ ದುಡ್ಡು ಕೊಟ್ಟು ತೆಗೆದೆ, ಬಂದಿದ್ದು ಮೂರನೇ ಸಲ ಅದೇ ಕಾಫಿಂಗ್ ಅನ್ನೋ ಪೋಕೆಮಾನ್. ತಪ್ಪು ನಂದೇ ಬಿಡಿ.

ನನಗೆ ಬೇಜಾರಾಗಿದ್ದು ಅದಲು ಬದಲು ವಿಷಯ. ಪಾಕೆಟ್ 2024ರ ಅಕ್ಟೋಬರ್‌ನಲ್ಲಿ ಬಂದಾಗ ಕಾರ್ಡ್ ಬದಲಾಯಿಸಿಕೊಳ್ಳೋಕೇ ಆಗ್ತಿರಲಿಲ್ಲ. 2025ರ ಜನವರಿಯಲ್ಲಿ ಬಿಟ್ಟರು, ಅದಕ್ಕೂ ಟೋಕನ್ ಬೇಕಿತ್ತು, ಟೋಕನ್ ಬೇಕಂದ್ರೆ ಇರೋ ಒಳ್ಳೇ ಕಾರ್ಡ್ ಕಳಕೊಳ್ಳಬೇಕಿತ್ತು. ಜನ ಬೈದ ಮೇಲೆ ಆ ಟೋಕನ್ ತೆಗೆದರು. ಸ್ಕೂಲಲ್ಲಿ ನಾನು ಎರಡು ಚಕ್ಕುಲಿ ಕೊಟ್ಟು ಪಿಕಾಚು ತಗೊಂಡಿದ್ದೆ, ಯಾವ ಟೋಕನ್ನೂ ಇರಲಿಲ್ಲ. ಮಾರನೇ ದಿನ ಅವನ ಅಮ್ಮ ವಾಪಸ್ ಕೇಳೋಕೆ ಬಂದಿದ್ದು ಬೇರೆ ಕಥೆ.

ಟಾರ್ಚ್_ಹಾಕಿ_ನೋಡು:

ಡಬ್ಬಿಯ ಮೇಲೆ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಅಂಗಡಿಯಲ್ಲಿ ಹೂಮಾಲೆ ಹಾಗೆ ನೇತಾಡುತ್ತಿದ್ದ ಪ್ಯಾಕೆಟ್ ಆದ್ರೆ ಮುಕ್ಕಾಲು ಪಾಲು ಡೂಪ್ಲಿಕೇಟ್ ಅಂತಲೇ ಅಂದುಕೊಳ್ಳಿ. ಕಾರ್ಡ್ ಹಿಂದೆ ಟಾರ್ಚ್ ಹಾಕಿ. ಅಸಲಿಯ ಮಧ್ಯದಲ್ಲಿ ಒಂದು ಕಪ್ಪು ಪದರ ಇರುತ್ತೆ, ಬೆಳಕು ಅಷ್ಟು ಸುಲಭಕ್ಕೆ ತೂರಲ್ಲ. ಡೂಪ್ಲಿಕೇಟ್ ಆದರೆ ದೀಪಾವಳಿ ಗೂಡುದೀಪದ ಹಾಗೆ ಹೊಳೆಯುತ್ತೆ. ಹಿಂಬದಿಯ ನೀಲಿ ಬಣ್ಣ, ಸ್ಪೆಲಿಂಗ್ ಕೂಡ ನೋಡಿ.

ಒಂದು ಡೌಟು. 1999ರ ಇಂಗ್ಲಿಷ್ ಬೇಸ್ ಸೆಟ್‌ನಲ್ಲಿ ಚಾರಿಜಾರ್ಡ್‌ಗೆ 120, ಆ ಮೊಟ್ಟೆ ಹಿಡಿದ ಗುಲಾಬಿ ಚಾನ್ಸಿಗೂ 120. ನಿಮ್ಮ ರೂಲ್ಸ್‌ನಲ್ಲಿ ಅವರಿಬ್ಬರೂ ಎದುರಾದರೆ ಏನು ಮಾಡ್ತಿದ್ರಿ?

ಅಟ್ಟದ_ಡಬ್ಬಿ:

ಎಲ್ಲರಿಗೂ ಥ್ಯಾಂಕ್ಸ್. ಲೈವ್ ಹಾಕಿಕೊಂಡೆ. ಆರು ಮ್ಯಾಚ್, ಆರೂ ಸೋಲು. ಒಂದರಲ್ಲಿ ನನಗೆ ಎರಡನೇ ಸರದಿಯೇ ಬರಲಿಲ್ಲ.

ಭಾನುವಾರ ಊರಿಗೆ ಹೋಗಿ ಡಬ್ಬಿ ಇಳಿಸಿದೆ. ರಬ್ಬರ್ ಬ್ಯಾಂಡ್ ಕರಗಿ ಮೇಲಿನ ಕಾರ್ಡಿಗೇ ಅಂಟಿಕೊಂಡಿತ್ತು. ಟಾರ್ಚ್ ಹಾಕಿದರೆ ಚಾರಿಜಾರ್ಡ್ ಹೊಟ್ಟೆಯೊಳಗಿಂದ ನನ್ನ ಬೆರಳು ಕಾಣಿಸಿತು. ಇನ್ನೊಂದು ಕಾರ್ಡಲ್ಲಿ ಎಚ್‌ಪಿ 900 ಅಂತ ಇದೆ, ಅದನ್ನು ಎಷ್ಟು ಜೋಪಾನವಾಗಿ ಇಟ್ಟಿದ್ದೆ ಗೊತ್ತಾ, ಪ್ಲಾಸ್ಟಿಕ್ ಕವರ್ ಹಾಕಿ!

ಚಾನ್ಸಿ ಪ್ರಶ್ನೆಗೆ: ಟೈ ಆದರೆ ಇಬ್ಬರೂ ಇನ್ನೊಂದು ಕಾರ್ಡ್ ಇಡಬೇಕು, ಗೆದ್ದವನಿಗೆ ನಾಲ್ಕೂ. ನನ್ನ ತಮ್ಮನ ಅರ್ಧ ಡಬ್ಬಿ ನನ್ನ ಕೈಗೆ ಬಂದಿದ್ದೇ ಹಾಗೆ. ಅವನು ಈಗ ಮೈಸೂರಲ್ಲಿದ್ದಾನೆ. ಇದನ್ನೆಲ್ಲ ವಾಟ್ಸಾಪ್‌ನಲ್ಲಿ ಹೇಳಿದರೆ, "ಅಣ್ಣಾ, ಹಾಗಾದ್ರೆ ಗೆದ್ದಿದ್ದೆಲ್ಲ ತಪ್ಪು ರೂಲ್ಸ್‌ನಲ್ಲಿ, ವಾಪಸ್ ಕೊಡು" ಅಂದ. ಕೊಡಲ್ಲ ಅಂದೆ. ಅದಕ್ಕೇ ಅವನೂ ಪಾಕೆಟ್ ಹಾಕಿಕೊಂಡಿದ್ದಾನೆ, ದಿನಾ ರಾತ್ರಿ ಪಾಸ್‌ವರ್ಡ್ ಇಟ್ಟು ಪ್ರೈವೇಟ್ ಮ್ಯಾಚ್. ನಿನ್ನೆ ಮಿಸ್ಟಿ ಕಾರ್ಡ್ ಇಳಿಸಿದ, ಟೇಲ್ಸ್ ಬೀಳೋವರೆಗೂ ನಾಣ್ಯ ಚಿಮ್ಮಬಹುದಲ್ಲ, ಹೆಡ್ಸ್ ಬಿದ್ದಷ್ಟೂ ಎನರ್ಜಿ, ಅವನಿಗೆ ನಾಲ್ಕು ಸಲ ಹೆಡ್ಸ್. ಫೋನ್ ಮಂಚದ ಮೇಲೆ ಎಸೆದು ಮಲಗಿದೆ.