ಸಹಾಯ ಬೇಕು: ಹೊಸ ಆಟಗಾರ್ತಿಯರನ್ನು ಅಳೆಯೋದು ಹೇಗೆ?

ಅಮೆರಿಕದ ಮಹಿಳಾ ಕಾಲೇಜು ಸಾಕರ್ (ಫುಟ್‌ಬಾಲ್) ನೋಡುವವರು ಯಾರಾದರೂ ಇದ್ದೀರಾ? ಆಗಸ್ಟ್‌ನಲ್ಲಿ ಸೀಸನ್ ಶುರು. ಅಷ್ಟರೊಳಗೆ ಎಸಿಸಿ (ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್ ಅನ್ನೋ ಕಾಲೇಜು ಲೀಗ್) ತಂಡಗಳ ಬಗ್ಗೆ ಒಂದು ಅಂದಾಜು ಬರೆಯಬೇಕು.

ಕಾಲೇಜಿಗೆ ಬರುವ ಹೊಸಬರಿಗೆ ಸ್ಥಾನ ಕೊಡುವ ಟಾಪ್‌ಡ್ರಾಯರ್‌ಸಾಕರ್ ವೆಬ್‌ಸೈಟಿನ ರ‍್ಯಾಂಕಿಂಗ್ ನೋಡಿದೆ. ಇಸಿಎನ್‌ಎಲ್ ಅನ್ನೋ ಕಿರಿಯರ ಲೀಗಿನ ಕ್ಲಬ್ ಪಂದ್ಯಗಳ ವಿಡಿಯೋನೂ ನೋಡಿದೆ. ಆದರೆ ಅಲ್ಲಿ ಗೋಲಿನ ಮಳೆ ಸುರಿಸಿದ ಹುಡುಗಿ, 22 ವರ್ಷದ ಡಿಫೆಂಡರ್ ಭುಜ ಕೊಟ್ಟು ತಳ್ಳಿದಾಗ ನಿಲ್ಲುತ್ತಾಳಾ? ವಿಡಿಯೋದಲ್ಲಿ ಗೊತ್ತಾಗಲ್ಲ. ಒಳ್ಳೆಯ ತುಣುಕುಗಳನ್ನಷ್ಟೇ ಹಾಕಿರುತ್ತಾರೆ.

ಇದರ ಮೇಲೆ ಟ್ರಾನ್ಸ್‌ಫರ್ ಪೋರ್ಟಲ್ (ಕಾಲೇಜು ಬದಲಿಸಬೇಕೆನ್ನುವ ಆಟಗಾರ್ತಿಯರು ಹೆಸರು ಹಾಕುವ ಪಟ್ಟಿ) ಬೇರೆ. 2025ರಿಂದ ದೊಡ್ಡ ಕಾಲೇಜುಗಳಲ್ಲಿ ತಂಡಕ್ಕೆ 28 ಜನರ ಮಿತಿ. ಬೇರೆ ಕಾಲೇಜಿನಲ್ಲಿ ಆಡಿ ಪಳಗಿದವಳು ಸಿಕ್ಕರೆ ಕೋಚ್ ಅವಳನ್ನೇ ಕಣಕ್ಕಿಳಿಸುತ್ತಾರೆ, ಅಲ್ವಾ? ಆಗ ಹೈಸ್ಕೂಲ್ ಮುಗಿಸಿ ಬಂದವಳ ರ‍್ಯಾಂಕ್ ಕಟ್ಟಿಕೊಂಡು ಏನು ಮಾಡೋದು?

ಮೊದಲು ಯಾವುದನ್ನು ನೋಡಬೇಕು ಹೇಳಿ: ಹೋದ ವರ್ಷ ಜಾಸ್ತಿ ನಿಮಿಷ ಆಡಿದವರಲ್ಲಿ ಎಷ್ಟು ಜನ ಉಳಿದಿದ್ದಾರೆ ಅನ್ನೋದನ್ನಾ, ಹೊಸಬರ ರ‍್ಯಾಂಕಿಂಗನ್ನಾ?